ಹೆರಿಗೆ ಆಸ್ಪತ್ರೆಯ ನೆರಳು

ನಡುಪೇಟೆ ಕ್ಷೇತ್ರದಲ್ಲಿ ಯಾರು ಗೆದ್ದರೆಂದು ರೇಡಿಯೋ ಹೇಳುವುದಕ್ಕೆ ಮುಂಚೆ ನೆಲ ಹೇಳಿಬಿಡುತ್ತಿತ್ತು. ಎಣಿಕೆ ಮುಗಿಯುವ ಹೊತ್ತಿಗೆ ನಮ್ಮ ಜನ ರೇಡಿಯೋ ಅಂಗಡಿಯ ಮುಂದೆ ಗುಂಪುಗೂಡುತ್ತಿರಲಿಲ್ಲ. ಏನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿಕೊಂಡು ಬೀದಿ ಬೀದಿ ಅಲೆಯುತ್ತಿದ್ದರು. ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ನೆಲ ಕಪ್ಪಾಗುತ್ತಿತ್ತು. ಗೆದ್ದವರು ಕೊಟ್ಟ ಮಾತಿನ ನೆರಳು ಅದು. ಸೇತುವೆ ಕಟ್ಟಿಸುತ್ತೇನೆಂದವರು ಗೆದ್ದರೆ ಸೇತುವೆಯ ನೆರಳು, ಗೋಪುರ ಕಟ್ಟಿಸುತ್ತೇನೆಂದವರು ಗೆದ್ದರೆ ಗೋಪುರದ ನೆರಳು. ಸೋತವರ ಮಾತಿಗೆ ನೆರಳಿರಲಿಲ್ಲ.

ಮೊದಲನೆಯ ಪಾರ್ಲಿಮೆಂಟು ಚುನಾವಣೆಯಲ್ಲಿ ಗೆದ್ದವರು ವಕೀಲ ರಾಚಪ್ಪನವರು. ನಮ್ಮ ಪೇಟೆ ಹೊಳೆಯ ಈಚೆ, ದೊಡ್ಡಾಸ್ಪತ್ರೆಯೂ ಕಚೇರಿಗಳೂ ಹೊಳೆಯ ಆಚೆ. ನಡುವೆ ಸೇತುವೆ ಕಟ್ಟಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಎಣಿಕೆ ಮುಗಿದ ಸಂಜೆ ಗಾಣಿಗರ ಬೀದಿಯ ತುದಿಯಿಂದ ಆಚೆ ದಡದವರೆಗೆ ನೀರಿನ ಮೇಲೆ ಕಮಾನು ಕಮಾನಾಗಿ ನೆರಳು ಬಿತ್ತು. ಜನ ಮೇಲೆ ನೋಡಿದರು, ಬರೀ ಆಕಾಶ. ನೆರಳು ಮುಂದೆ ಬಂದಿದೆ, ಸೇತುವೆ ಹಿಂದೆ ಬರುತ್ತಿರಬೇಕು ಅಂದುಕೊಂಡು ಕಾದರು. ಕಾಯುತ್ತ ಕಾಯುತ್ತ ದಡದಲ್ಲಿ ಕೂತರು. ಕೂತಲ್ಲಿ ತಂಪಾಗಿತ್ತು. ಅಗಸರಿಗೆ ನಡುಮಧ್ಯಾಹ್ನದಲ್ಲೂ ಬಟ್ಟೆ ಒಗೆಯುವುದಕ್ಕೆ ಹಿತವಾಯಿತು, ಸೋಡಾ ಮಾರುವವರು ಬಂದರು, ಕ್ಷೌರದವರು ಬಂದರು. ಎರಡನೆಯ ಚುನಾವಣೆಯ ಹೊತ್ತಿಗೆ ಸೇತುವೆ ಎಲ್ಲಿ ಎಂದು ಕೇಳುವವರೇ ಇರಲಿಲ್ಲ. ರಾಚಪ್ಪನವರು ಇನ್ನೊಂದು ಸಲ ಗೆದ್ದರು.

ಆಮೇಲೆ ಗಿರಣಿ ಶಾಮರಾಯರು ಗಡಿಯಾರದ ಗೋಪುರದ ಮಾತಿನ ಮೇಲೆ ಗೆದ್ದರು. ಆ ಸಣಕಲು ನೆರಳು ದಿನವಿಡೀ ಪೇಟೆ ಸುತ್ತುತ್ತಿತ್ತು. ಅದರ ತುದಿ ಹಾಲಿನ ಡಿಪೋ ಮುಟ್ಟಿದರೆ ಸ್ಕೂಲು ಬಿಡುತ್ತಿದ್ದರು. ಅವರ ನಂತರ ಬಂದವರು ಕಾಳಪ್ಪ ಮೇಷ್ಟ್ರು. ಹೈಸ್ಕೂಲು ಕಟ್ಟಿಸುತ್ತೇನೆಂದಿದ್ದರು, ಹೂವಿನ ಬೀದಿಯ ಮೇಲೆ ಹೈಸ್ಕೂಲಿನ ನೆರಳು ಬಿತ್ತು, ಹೂವಿನವರು ಹರಸಿದರು. ಮೇಷ್ಟ್ರು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಹಟ ಹಿಡಿದು ರಾಜಧಾನಿಗೆ ಓಡಾಡಿ ಮಂಜೂರಾತಿ ತಂದು, ಒಂದು ಬೆಳಿಗ್ಗೆ ಪಾಯಕ್ಕೆ ಗುದ್ದಲಿ ಹಾಕಿಸಿಯೇಬಿಟ್ಟರು. ಗುದ್ದಲಿ ನೆಲಕ್ಕೆ ತಾಗಿದ ಕೂಡಲೇ ನೆರಳು ಹೊರಟುಹೋಯಿತು. ಮಧ್ಯಾಹ್ನದೊಳಗೆ ಬೀದಿಯ ಹೂವೆಲ್ಲ ಬಾಡಿತು. ಸಂಜೆ ಹೂವಿನವರು ಬಾಡಿದ ಹಾರಗಳನ್ನೆಲ್ಲ ತಂದು ಮೇಷ್ಟ್ರ ಕೊರಳಿಗೆ, ಕಿವಿ ಮುಚ್ಚುವವರೆಗೆ ಹಾಕಿದರು. ಕೆಲಸ ನಿಂತಿತು. ಮುಂದಿನ ಚುನಾವಣೆಯಲ್ಲಿ ಅವರ ಠೇವಣಿಯೂ ಉಳಿಯಲಿಲ್ಲ. ಮೊಣಕಾಲೆತ್ತರಕ್ಕೆ ಎದ್ದಿದ್ದ ಗೋಡೆ ಈಗಲೂ ಇದೆ. ಅದರ ನೆರಳಲ್ಲಿ ಒಂದು ನಾಯಿ ಮಲಗಬಹುದು.

ಅಲ್ಲಿಂದಾಚೆಗೆ ಯಾವ ಪಕ್ಷದವರೂ ನಮ್ಮ ಕ್ಷೇತ್ರಕ್ಕೆ ಗುದ್ದಲಿ ತರಲಿಲ್ಲ. ಓಟು ಕೇಳಲು ಬಂದವರನ್ನು ನಮ್ಮ ಹೆಂಗಸರು ಒಂದೇ ಮಾತು ಕೇಳುತ್ತಿದ್ದರು: "ಅಗ್ಲ ಎಷ್ಟು?" ಬರೀ ಎತ್ತರದ ಮಾತಿಗೆ ಓಟು ಬೀಳುತ್ತಿರಲಿಲ್ಲ. ನಾನು ಎಂ.ಎ.ಗೆ ನಡುಪೇಟೆ ಕ್ಷೇತ್ರದ ಚುನಾವಣಾ ಇತಿಹಾಸವನ್ನೇ ಪ್ರಬಂಧವಾಗಿ ಬರೆದಾಗ ಹೊಳೆಯಾಚೆಯ ಕಾಲೇಜಿನ ನಮ್ಮ ಮೇಷ್ಟ್ರು ಈ ನೆರಳಿನ ಪುಟಗಳಿಗೆಲ್ಲ ಅಡ್ಡಗೆರೆ ಎಳೆದು, "ಅಂಕಿಅಂಶ ಇದ್ದರೆ ಸಾಕಮ್ಮ," ಅಂದರು. ನಾನು ತಲೆಯಾಡಿಸಿ ಬಂದೆ. ನನ್ನ ದನಿ ನನ್ನ ಮೂಗು ದಾಟುವುದಿಲ್ಲವೆಂದು ಅವ್ವ ಯಾವಾಗಲೂ ಬಯ್ಯುತ್ತಿದ್ದಳು.

ಅವ್ವ, ಎಂದರೆ ನಿಂಗಮ್ಮ, ವೀಳ್ಯದೆಲೆ ಮಾರುವವಳು. ಎಲೆಗೆ ಬಿಸಿಲು ಬಿದ್ದರೆ ಒಂದು ಗಳಿಗೆಯಲ್ಲಿ ಅಂಚು ಸುರುಟಿಕೊಳ್ಳುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಕ್ಕ ಮಾದೇವಿಯನ್ನೂ ಸಾಕಿದ್ದು ಆ ಎಲೆಬುಟ್ಟಿ. ಬುಟ್ಟಿಯನ್ನು ಸಾಕಿದ್ದು ಹುಲ್ಲುಪೇಟೆ ಮೈದಾನದಲ್ಲಿ ಬಿದ್ದಿದ್ದ ಹೆರಿಗೆ ಆಸ್ಪತ್ರೆಯ ನೆರಳು. ಅದು ಯಶೋದಮ್ಮನವರ ಮಾತಿನದು. ಹೆಂಗಸರಿಗೆಂದೇ ನಾಲ್ಕು ಅಂತಸ್ತಿನ ಆಸ್ಪತ್ರೆ ಅಂದಿದ್ದರು, ಊರಿನ ಹೆಂಗಸರೆಲ್ಲ ಅವರಿಗೇ ಓಟು ಒತ್ತಿದ್ದರು. ಅಂಥ ಅಗಲವಾದ ನೆರಳು ನಮ್ಮ ಪೇಟೆಯಲ್ಲಿ ಅದಕ್ಕೆ ಮುಂಚೆ ಬಿದ್ದಿರಲಿಲ್ಲ. ಬೆಳಿಗ್ಗೆ ಮೈದಾನದ ಪಡುವಣಕ್ಕೆ, ಸಂಜೆ ಮೂಡಣಕ್ಕೆ. ಮಾರುವವರೆಲ್ಲ ದಿನವಿಡೀ ಅದರ ಜೊತೆ ಸಾಲಾಗಿ ಸರಿಯುತ್ತಿದ್ದರು. ಎಲೆಯವಳು ಸರಿದ ಮೇಲೆ ಸುಣ್ಣದವಳು, ಸುಣ್ಣದವಳು ಸರಿದ ಮೇಲೆ ನಿಂಬೆಹಣ್ಣಿನವನು. ಸಾಲು ತಪ್ಪಿದರೆ ಜುಟ್ಟು ಹಿಡಿದು ಜಗಳ. ನೆರಳಿನೊಳಗೆ ಚೌಕ ಚೌಕವಾಗಿ ಬೆಳಕು ಬೀಳುತ್ತಿದ್ದ ಜಾಗಗಳು ಆಸ್ಪತ್ರೆಯ ಕಿಟಕಿಗಳು. ಅಲ್ಲಿ ಯಾರೂ ಬುಟ್ಟಿ ಇಡುತ್ತಿರಲಿಲ್ಲ. ಅವು ಹೆರಿಗೆಗೆ ಮೀಸಲು.

ಯಾರು ಮೊದಲು ಹಾಗೆ ಮಾಡಿದರೋ ಗೊತ್ತಿಲ್ಲ. ಆಸ್ಪತ್ರೆ ಇದ್ದೇ ಇದೆಯಲ್ಲ ಎಂದು ಯಾರೋ ಒಬ್ಬಳನ್ನು ನೋವು ಬಂದಾಗ ಹೊತ್ತು ತಂದು, ಕಿಟಕಿಯ ಬೆಳಕಿನಲ್ಲಿ ಚಾಪೆ ಹಾಸಿ, ಸುತ್ತ ಸೀರೆ ಕಟ್ಟಿ ಮಲಗಿಸಿದರಂತೆ. ಸೂಲಗಿತ್ತಿ ಕೆಂಪಜ್ಜಿ ಹೆರಿಗೆ ಮಾಡಿಸಿದಳಂತೆ, ಮಗು ಕೆಂಪಗೆ ಚೆಂದಾಗಿ ಹುಟ್ಟಿತಂತೆ. ಅಲ್ಲಿಂದ ಪೇಟೆಯ ಬಸುರಿಯರನ್ನೆಲ್ಲ ಅಲ್ಲಿಗೇ ತರತೊಡಗಿದರು. ಬಾಗಿಲಿನ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಒಳಗೆ ಹೋಗಬೇಕು, ಚಪ್ಪಲಿ ಹೊರಗೆ ಬಿಡಬೇಕು, ಜೋರಾಗಿ ಮಾತಾಡಬಾರದು. ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಸೇತುವೆ ಇಲ್ಲದ್ದರಿಂದ ಇಡೀ ಪೇಟೆ ಹಾದು, ರೈಲ್ವೆ ಗೇಟು ಸುತ್ತಿ ಹೋಗಬೇಕಿತ್ತು. ಮನೆಯ ಮುಂದೆ ಆಸ್ಪತ್ರೆ ಇಟ್ಟುಕೊಂಡು ಅಷ್ಟು ದೂರ ಯಾರು ಹೋಗುತ್ತಾರೆ? ನಾನೂ ಎರಡನೆಯ ಅಂತಸ್ತಿನ ಕಿಟಕಿಯೊಂದರಲ್ಲಿ ಹುಟ್ಟಿದವಳೆಂದು ಅವ್ವ ಹೇಳುತ್ತಾಳೆ. ಸತ್ತ ಮಕ್ಕಳ, ಸತ್ತ ತಾಯಂದಿರ ಮಾತು ಬಂದಾಗ ಪೇಟೆಯವರು, "ಆಸ್ಪತ್ರೆ ಅಂದ್ಮೇಲೆ ಒಂದು ಹೋಯ್ತದೆ ಒಂದು ಉಳೀತದೆ," ಅನ್ನುತ್ತಿದ್ದರು.

ಮಾದೇವಿಯ ಚೊಚ್ಚಲು ಹಾಗೆ ಹೋಗಿದ್ದ ಮಗು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ನೀಲಿಯಾಗಿ ಬಂತು. ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಬಾಣಂತಿ ಸ್ನಾನ ಮಾಡಿಸುವಾಗ ಒಂದೇ ಮಾತು ಅಂದಳು: "ಚೆಲುವಿ, ಇನ್ನೊಂದು ಸಲ ನನ್ನ ಇಲ್ಲಿಗೆ ತರಬ್ಯಾಡ್ರಿ ಕಣೆ." ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು. ಎರಡು ವರ್ಷದ ನಂತರ ಅವಳು ಮತ್ತೆ ಬಸುರಾದಾಗ ನನ್ನ ಎದೆಯಲ್ಲಿ ಇದ್ದದ್ದು ಆ ಮಾತೊಂದೇ.

ಆ ವರ್ಷವೇ ನಡುಪೇಟೆಯ ಕಡೆಯ ಚುನಾವಣೆ ಬಂತು. ಕಡೆಯದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಒಂದು ಕಡೆ ಪುಟ್ಟರಾಜಪ್ಪನವರು. ಅವರ ಜೀಪಿನ ಮೈಕು ಬೆಳಗಿನಿಂದ ಒದರುತ್ತಿತ್ತು: "ಪ್ರಜಾಸೌಧ! ಮೂವತ್ತು ಅಂತಸ್ತು! ಇಡೀ ಪೇಟೆಗೆ ತಂಪು!" ಇನ್ನೊಂದು ಕಡೆ ಎಸ್ತರಮ್ಮ. ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾಗಿ, ನಮ್ಮ ಬೀದಿಯ ಕೊನೆಯಲ್ಲಿ ಒಂಟಿಯಾಗಿದ್ದ ಹೆಂಗಸು. ಅವರಿಗೆ ಜೀಪಿಲ್ಲ, ಮೈಕಿಲ್ಲ. ಮೊಣಕಾಲು ನೋವಿನಲ್ಲಿ ಕುಂಟುತ್ತ ಬುಟ್ಟಿಯಿಂದ ಬುಟ್ಟಿಗೆ ಬಂದು ಮಾತಾಡುತ್ತಿದ್ದರು.

"ನಿಂಗಮ್ಮಾ, ನಾನು ಹೊಸಾದೇನೂ ಹೇಳಕ್ಕೆ ಬಂದಿಲ್ಲ," ಅಂದರು ಅವ್ವನಿಗೆ. "ಯಶೋದಮ್ಮೋರು ಹೇಳಿ ಬಿಟ್ಟೋದ ಆಸ್ಪತ್ರೇನೇ ಕಟ್ಟಿಸ್ತೀನಿ ಅಂತಿದೀನಿ."

ಅವ್ವ ಎಲೆಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಂದ್ರೆ ಅಗೀತೀರಾ?"

"ಅಗೀದೆ ಪಾಯ ಹಾಕದು ಹೆಂಗವ್ವಾ?"

"ಅಗೆದ್ರೆ ನೆಳ್ಳು ಹೋಯ್ತದಲ್ಲ."

"ಕಟ್ಟೋ ಗಂಟ ಹೋಯ್ತದೆ. ಆಮೇಲೆ ನಿಜವಾದ್ದೇ ಬತ್ತದೆ."

"ನಿಜವಾದ್ದು ಬಂದ್ರೆ ಅದಕ್ಕೊಂದು ಕಾಂಪೌಂಡು ಬತ್ತದೆ," ಅಂದಳು ಅವ್ವ. "ಕಾಂಪೌಂಡಿಗೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್ನು. ನನ್ನ ಎಲೆಬುಟ್ಟಿನ ಅವನು ಒಳಕ್ಕೆ ಬುಟ್ಟಾನಾ? ನೀವೇ ಹೇಳಿ."

ಎಸ್ತರಮ್ಮ ಮೈದಾನದ ಉದ್ದಕ್ಕೂ ಕಣ್ಣಾಡಿಸಿದರು. ಆಮೇಲೆ ಅಂದರು: "ಬುಡಕ್ಕಿಲ್ಲ. ಆದ್ರೆ ನಿನ್ನ ಮಗಳನ್ನ ಬುಡ್ತಾನೆ."

ಅವ್ವ ಮತ್ತೆ ಎಲೆಗೆ ನೀರು ಚಿಮುಕಿಸತೊಡಗಿದಳು. ಪಕ್ಕದಲ್ಲಿದ್ದ ಸುಣ್ಣದ ಸಾಕವ್ವ ಡಬ್ಬಿಯ ಮೇಲೆ ಕೈ ಬಡಿದು ನಕ್ಕಳು. "ಎಲ್ರೂ ತಂಪು ಮಾರಕ್ಕೆ ಬಂದ್ರೆ ಈಯಮ್ಮ ಬಿಸ್ಲು ಮಾರಕ್ಕೆ ಬಂದವ್ಳೆ! ಹೋಗಮ್ಮೋ, ಹೋಗಿ ಟೋಪಿ ಅಂಗ್ಡಿ ಮಡಿಕೋ!" ಸಾಲಿನುದ್ದಕ್ಕೂ ನಗು ಹರಿಯಿತು. ಎಸ್ತರಮ್ಮನೂ ಸ್ವಲ್ಪ ನಕ್ಕರು. ಅಕ್ಕ ಭಾವನ ಸೋಡಾ ಅಂಗಡಿಯಿಂದ ಅವನ ಊಟದ ಡಬ್ಬಿ ತೆಗೆದುಕೊಂಡು ಆಗತಾನೆ ಬಂದಿದ್ದಳು. ಅವಳ ಹೊಟ್ಟೆಯ ಕಡೆ ಒಮ್ಮೆ ನೋಡಿ ಎಸ್ತರಮ್ಮ ಮುಂದಿನ ಬುಟ್ಟಿಗೆ ಹೋದರು.

ರಾತ್ರಿ ಮುದ್ದೆ ತಿರುವುತ್ತ ಅವ್ವ ನನ್ನ ಮುಖ ನೋಡದೆ ಅಂದಳು: "ಓದಿರೋಳು ಅಂತ ತಲೆ ತಿರುಗಿಸ್ಕಂಡು ಆಯಮ್ಮಂಗೆ ಒತ್ತಿಬುಟ್ಟೀಯ. ನಿನ್ನ ಫೀಸು ಕಟ್ಟಿದ್ದು ಆ ನೆಳ್ಳು ಅನ್ನೋದು ಜ್ಞಾಪಕ ಇರ್ಲಿ."

ಅದು ನಿಜವಾಗಿತ್ತು. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಓಟು ಮಾತ್ರ ಎಸ್ತರಮ್ಮನಿಗೇ ಹಾಕಿದೆ. ಮರೆಯಲ್ಲಿ ನಿಂತು ಒತ್ತುವುದಕ್ಕೆ ದನಿ ಬೇಕಾಗಿರಲಿಲ್ಲ.

ಎಣಿಕೆಯ ದಿನ ಯಾರೂ ಬೀದಿ ಅಲೆಯಬೇಕಾಗಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಮೂವತ್ತು ಅಂತಸ್ತಿನ ನೆರಳು ಇಡೀ ಪೇಟೆಯ ಮೇಲೆ ಒಂದೇ ಸಲಕ್ಕೆ ಕವುಚಿಕೊಂಡಿತು. ಸೇತುವೆ, ಗೋಪುರ, ಆಸ್ಪತ್ರೆ ಎಲ್ಲ ನೆರಳುಗಳೂ ಅದರ ಕೆಳಗೆ ಹೋದವು. ಪಟಾಕಿ ಹೊಡೆದರು. ಎಸ್ತರಮ್ಮನ ಠೇವಣಿ ಹೋಯಿತು. ಅಂದಿನಿಂದ ನಮ್ಮ ಪೇಟೆಯಲ್ಲಿ ಹಗಲಲ್ಲೂ ದೀಪ ಉರಿಯಿತು. ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ, ತುಳಸಿಗಳು ಕಪ್ಪಾದವು, ಎಳೆಕೂಸುಗಳ ಕಾಲು ಬಾಗಿದವು. ಆದರೂ ಹೊರಗಿನವರು ಬಂದಾಗ ನಮ್ಮವರು ಹೆಮ್ಮೆಯಿಂದ, "ನಮ್ ಕಡೆ ಛತ್ರಿ ಯಾರೂ ಕೊಳ್ಳಲ್ಲ ಸ್ವಾಮಿ," ಅನ್ನುತ್ತಿದ್ದರು. ಅವ್ವನಿಗೆ ಬುಟ್ಟಿ ಸರಿಸುವ ಕೆಲಸವೇ ತಪ್ಪಿತು. ಹಾಗೆಯೇ ಆಸ್ಪತ್ರೆಯ ಕಿಟಕಿಗಳೂ ಮುಚ್ಚಿಹೋದವು. ಕೆಂಪಜ್ಜಿ ಕಂದೀಲು ಹಿಡಿದು ಹೆರಿಗೆ ಮಾಡಿಸತೊಡಗಿದಳು. ಅವಳ ಕಣ್ಣೂ ಆಗಲೇ ಮಂಜಾಗಿತ್ತು.

ತಂಪು ಜಾಸ್ತಿಯಾದಷ್ಟೂ ಮನೆಗಳು ಗೋಡೌನುಗಳಾಗುವುದು ರಾಚಪ್ಪನವರ ಕಾಲದಿಂದಲೇ ನಡೆದಿತ್ತು, ಈಗ ಇನ್ನೂ ಜೋರಾಯಿತು. ಅನುಕೂಲವಿದ್ದವರು ಬಿಸಿಲಿರುವ ಬಡಾವಣೆಗಳಿಗೆ ಹೋದರು. ನಡುಪೇಟೆಯಲ್ಲಿ ಮಾರುವವರೇ ಹೆಚ್ಚು, ಮಲಗುವವರು ಕಡಿಮೆ, ಇಷ್ಟು ಜನಕ್ಕೆ ಒಂದು ಪಾರ್ಲಿಮೆಂಟು ಸೀಟು ಯಾತಕ್ಕೆ ಎಂದು ಗಡಿ ಗುರುತಿಸುವ ಸಮಿತಿಯವರು ವರದಿ ಬರೆದರು. ಕ್ಷೇತ್ರವನ್ನು ನಡುವೆ ಸೀಳಿ ಒಂದು ಹೋಳನ್ನು ಉತ್ತರ ಕ್ಷೇತ್ರಕ್ಕೂ ಒಂದು ಹೋಳನ್ನು ದಕ್ಷಿಣ ಕ್ಷೇತ್ರಕ್ಕೂ ಸೇರಿಸುವುದೆಂದು ಪೇಪರಿನಲ್ಲಿ ಬಂತು. ನಾನು ಅವ್ವನಿಗೆ ಓದಿ ಹೇಳಿದೆ.

"ಗೆರೆ ಎಳಿಯೋದು ಕಾಗ್ದದ ಮ್ಯಾಲೆ ತಾನೆ?" ಅಂದಳು ಸಾಕವ್ವ. "ನೆಲದ ಮ್ಯಾಲೆ ಅಲ್ವಲ್ಲ. ಸುಮ್ಕಿರು."

ಅಕ್ಕನಿಗೆ ನೋವು ಕಾಣಿಸಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ. ನಾನು ಮುಂಚೆಯೇ ಆಟೋದವನೊಬ್ಬನಿಗೆ ಹೇಳಿಟ್ಟಿದ್ದೆ. ಅವನು ಬಾಗಿಲಿಗೆ ಬಂದು ನಿಂತಾಗ ಅವ್ವ ಒಳಗಿನಿಂದ ಬಂದಳು. "ಇದ್ಯಾಕೆ?"

"ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ," ಅಂದೆ.

"ಗೇಟು ಸುತ್ತಿ? ಈ ಕುಲುಕಾಟದಾಗೆ? ದಾರೀಲಿ ಏನಾರ ಆದ್ರೆ ನೀನು ಕೊಯ್ದು ತೆಗೀತೀಯಾ?"

"ಅಕ್ಕಂಗೆ ಇಷ್ಟ ಇಲ್ಲ ಅಲ್ಲಿ."

"ನೋವಲ್ಲಿರೋಳಿಗೆ ಇಷ್ಟ ಏನು ಕಷ್ಟ ಏನು?" ಅವ್ವ ಆಟೋದವನ ಕಡೆ ತಿರುಗಿದಳು. "ಮೈದಾನಕ್ಕೆ ನಡಿಯಪ್ಪಾ." ಅಕ್ಕ ಅವ್ವನ ಹೆಗಲಿಗೆ ಜೋತುಬಿದ್ದಿದ್ದಳು, ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಭಾವ ಮರಿಸ್ವಾಮಿ ಹೆಂಡತಿಯನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿ, "ಅತ್ತೆ ಹೇಳ್ದಂಗೆ," ಅಂದುಬಿಟ್ಟ. ಅಷ್ಟು ಹೊತ್ತಿಗೆ ಸಾಕವ್ವನೂ ಇನ್ನಿಬ್ಬರು ಹೆಂಗಸರೂ ಚಾಪೆ ಸೀರೆ ಹಿಡಿದು ಹತ್ತಿದರು. ನನಗೆ ಜಾಗವಿರಲಿಲ್ಲ.

ನಾನು ಹಿಂದೆಯೇ ನಡೆದುಹೋದೆ. ಮೈದಾನದಲ್ಲಿ ಸೀರೆ ಕಟ್ಟಿಯಾಗಿತ್ತು, ಒಳಗೆ ಕಂದೀಲು. ಹೊರಗೆ ಮಾರುವವರು ದನಿ ತಗ್ಗಿಸಿ ವ್ಯಾಪಾರ ಮಾಡುತ್ತಿದ್ದರು. ಕೆಂಪಜ್ಜಿ ತಡಕುತ್ತ ತಡಕುತ್ತ, "ತಲೆ ಸಿಗ್ತಿಲ್ವಲ್ಲ, ಎಲ್ಲೋಯ್ತು ತಲೆ," ಎಂದು ತನ್ನಷ್ಟಕ್ಕೆ ಗೊಣಗಿದ್ದು ನನಗೆ ಕೇಳಿಸಿತು. ಅದು ಕೇಳಿದ ಮೇಲೆ ನಾನು ಯಾರನ್ನೂ ಕೇಳದೆ ಎಸ್ತರಮ್ಮನ ಮನೆಗೆ ಓಡಿದೆ. ಅವರು ಕೈ ತೊಳೆದುಕೊಂಡು ಕೂಡಲೇ ಬಂದರು. ಮೈದಾನದಲ್ಲಿ ಯಾರೋ "ಬಿಸ್ಲಮ್ಮ ಬಂದ್ಲು" ಅಂದರು, ಯಾರೂ ನಗಲಿಲ್ಲ. ಎಸ್ತರಮ್ಮ ಸೀರೆ ಸರಿಸಿ ಒಳಗೆ ಹೋಗಿ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ಅಲ್ಲಿಂದಲೇ ಕೂಗಿದರು: "ಮಗು ಅಡ್ಡ ಮಲಗದೆ. ಇಲ್ಲಿ ಆಗಕ್ಕಿಲ್ಲ. ಆಟೋ ತನ್ನಿ, ಈಗ್ಲೇ!"

ಅವ್ವ ಅಡ್ಡ ನಿಂತಳು. ಎಸ್ತರಮ್ಮ ಅವಳ ಎರಡೂ ಭುಜ ಹಿಡಿದು, "ನಿಂಗಮ್ಮಾ, ಆಸ್ಪತ್ರೆ ಇಲ್ಲ ಕಣವ್ವಾ ಇದು. ಇಲ್ಲಿ ಏನೂ ಇಲ್ಲ," ಅಂದರು. ಅವ್ವ ಅವರ ಮುಖವನ್ನೇ ನೋಡಿದಳು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ನಾವು ಅಕ್ಕನನ್ನು ಎತ್ತಿ ಆಟೋದಲ್ಲಿ ಒರಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಎಸ್ತರಮ್ಮನ ತೊಡೆಯ ಮೇಲೆ, ಅವ್ವ ಮುಂದೆ ಆಟೋದವನ ಪಕ್ಕ. ಮೈದಾನದ ಬಾಯಿಗೆ ಬರುವಷ್ಟರಲ್ಲಿ ಕಣ್ಣು ಕುಕ್ಕಿತು. ನಾನು ಮೊದಲು ಮಿಂಚೆಂದುಕೊಂಡೆ. ಮಿಂಚಾಗಿದ್ದರೆ ಹೋಗಬೇಕಿತ್ತು, ಇದು ಹೋಗಲಿಲ್ಲ. ಮೂವತ್ತು ಅಂತಸ್ತು, ಅದರ ಕೆಳಗಿನ ನಾಲ್ಕು ಅಂತಸ್ತು, ಗೋಪುರ, ಸೇತುವೆ, ಎಲ್ಲವೂ ಒಟ್ಟಿಗೆ ಹೋಗಿದ್ದವು. ರಾಚಪ್ಪನವರ ಕಾಲದಿಂದ ಬಿಸಿಲು ಕಾಣದ ನೆಲವೆಲ್ಲ ಬೆಳ್ಳಗೆ ಬತ್ತಲೆಯಾಗಿ ಬಿದ್ದಿತ್ತು. ಅಂದು ಬೆಳಿಗ್ಗೆ ಹೊಸ ಗಡಿ ಜಾರಿಗೆ ಬಂತೆಂದು ಆಮೇಲೆ ತಿಳಿಯಿತು. ಮಾತು ಕೊಟ್ಟವರ ಸೀಟೇ ಇಲ್ಲವಾಗಿತ್ತು.

ಪೇಟೆಗೆ ಪೇಟೆಯೇ ಕಿರುಚಿತು. ಹೂವಿನವರು, ಬೆಣ್ಣೆಯವರು, ಮೀನಿನವರು, ಐಸಿನವರು ಎಲ್ಲ ಒಂದೇ ಸಲ ರಸ್ತೆಗೆ ಬಿದ್ದರು. ಕೈಗಾಡಿ ತಳ್ಳಿಕೊಂಡು, ಬುಟ್ಟಿ, ಟಾರ್ಪಾಲು, ಹಲಗೆ, ಕಿತ್ತ ಬಾಗಿಲು, ಸಿಕ್ಕಿದ್ದನ್ನೆಲ್ಲ ತಲೆಯ ಮೇಲೆ ಹಿಡಿದುಕೊಂಡು ಯಾರು ಎಲ್ಲಿಗೆ ಹೋಗುತ್ತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಆಟೋ ಒಂದು ಮಾರು ಹೋಗುವುದು, ನಿಲ್ಲುವುದು. ಆಟೋದವನು ಹಾರನ್ನು ಬಿಡದೆ ಒತ್ತಿದ. "ಬಸುರಿ ಇದಾಳೆ, ದಾರಿ ಬಿಡ್ರಪ್ಪಾ!" ಎಂದು ಎಸ್ತರಮ್ಮ ಕೂಗಿದರು. ಬೆಣ್ಣೆಯವನೊಬ್ಬ ಆಟೋದೊಳಗೆ ಬಗ್ಗಿ ನೋಡಿ, "ನನ್ನ ಬೆಣ್ಣೆ ಕರಗ್ತಾ ಅದೆ ತಾಯಿ," ಅಂದು ಅಳುತ್ತಲೇ ಅಡ್ಡ ದಾಟಿದ. ಒಂದು ಗಳಿಗೆಯ ಹಿಂದಿನವರೆಗೆ ಹೆರಿಗೆಯ ಸೀರೆಯ ಪಕ್ಕ ದನಿ ಎತ್ತದೆ ಮಾರುತ್ತಿದ್ದ ಜನ ಅವರು. ಅವ್ವ ಇಳಿದು ಕೈಗಾಡಿಗಳನ್ನು ತಳ್ಳಿ ತಳ್ಳಿ ದಾರಿ ಮಾಡುತ್ತಿದ್ದಳು. ಮೈದಾನದಲ್ಲಿ ಬಿಟ್ಟುಬಂದ ಬುಟ್ಟಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅಕ್ಕನ ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು, ನಾನು ಅಂಗೈ ಅಡ್ಡ ಹಿಡಿದಿದ್ದೆ. "ಎಲ್ಲಿಗೆ?" ಅಂದಳು. "ದೊಡ್ಡಾಸ್ಪತ್ರೆಗೆ ಅಕ್ಕ," ಅಂದೆ. "ಸದ್ಯ," ಅಂದಳು. ರೈಲ್ವೆ ಗೇಟಿನ ಈಚೆಗೇ ಅವಳ ಕೈ ನನ್ನ ಕೈಯಿಂದ ಜಾರಿತು. ಗೇಟು ತೆರೆದಿತ್ತು. ಎಸ್ತರಮ್ಮ ನಾಡಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಟೋದವನು ಆದರೂ ಹೋಗಿ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದ. ಅಲ್ಲಿ ಒಳಗೆ ತೆಗೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ, ತಾಯಿಯೂ ಇಲ್ಲ, ಮಗುವೂ ಇಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಪೇಟೆ ತನ್ನ ತೀರ್ಮಾನಕ್ಕೆ ಬಂದಿತ್ತು. ನೆರಳು ಹೋದ ದಿನವೇ ಮಾದೇವಿ ಹೋದಳು. ಅಂದರೆ ನೆರಳು ಹೋದದ್ದಕ್ಕೇ ಹೋದಳು. ಆಸ್ಪತ್ರೆಯ ಒಳಗಿದ್ದವಳನ್ನು ಎಸ್ತರಮ್ಮ ಹೊರಕ್ಕೆ ಎತ್ತಿದಳು, ಅದಕ್ಕೇ ನೆರಳು ಮುನಿಸಿಕೊಂಡಿತು ಎಂದೂ ಕೆಲವರು ಸೇರಿಸಿದರು. ಎಸ್ತರಮ್ಮನ ಬಾಗಿಲಿಗೆ ಯಾರೋ ಸುಣ್ಣ ಎರಚಿದರು. ಅವರು ಹೊಳೆಯಾಚೆ ತಂಗಿಯ ಮನೆಗೆ ಹೊರಟುಹೋದರು. ಹೋಗುವ ದಿನ ನಾನು ಗಂಟು ಹಿಡಿದುಕೊಂಡು ಗೇಟಿನವರೆಗೆ ಹೋಗಿದ್ದೆ. "ನೀನು ಬಂದು ಕರೆದೆಯಲ್ಲ, ಅಷ್ಟು ಸಾಕು ಮಗಾ," ಅಂದರು. ಸಾಕಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಡುಪೇಟೆ ಕ್ಷೇತ್ರವನ್ನು ವಾಪಸು ಕೊಡಬೇಕೆಂದು ಮೆರವಣಿಗೆ ಹೊರಟಿತು. ಬ್ಯಾನರಿನ ಮೇಲೆ ಅಕ್ಕನ ಮದುವೆಯ ಫೋಟೋ. ಅವಳ ಪಕ್ಕದಲ್ಲಿದ್ದ ಭಾವನನ್ನು ಕತ್ತರಿಸಿ ತೆಗೆದಿದ್ದರು. ಮುಂದುಗಡೆ ಅವ್ವ ಬರಬೇಕೆಂದು ಸಾಕವ್ವ ಬಂದು ಕರೆದಳು. ಅವ್ವ ಎದ್ದು ಸೀರೆ ಸರಿಮಾಡಿಕೊಂಡಳು. ನಾನು ಬಾಗಿಲಲ್ಲಿ ನಿಂತು, "ಅವ್ವಾ, ನೆರಳು ಹೋಗೋಕ್ಮುಂಚೇನೇ ಮಗು ಅಡ್ಡ ಇತ್ತು," ಅಂದೆ.

"ನಂಗೊತ್ತಿಲ್ಲ," ಅಂದಳು ಅವ್ವ. "ನಂಗೊತ್ತಿಲ್ಲ, ನಂಗೆ ಹೇಳ್ಬ್ಯಾಡ." ನನ್ನನ್ನು ಪಕ್ಕಕ್ಕೆ ಸರಿಸಿ ಹೊರಟಳು. ಊರು ಹೇಳಿದ್ದನ್ನು ಬಿಟ್ಟು ಬೇರೆ ಏನನ್ನು ನಂಬಿದರೂ ಅವಳಿಗೆ ಮಾರನೆಯ ಬೆಳಿಗ್ಗೆ ಏಳುವುದಾಗುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಆಮೇಲೆ ಆ ಮಾತೆತ್ತಲಿಲ್ಲ.

ಸೀಟು ವಾಪಸು ಬರಲಿಲ್ಲ. ಬದಲಿಗೆ ಮುಂದಿನ ಚುನಾವಣೆಗೆ ಉತ್ತರ ಕ್ಷೇತ್ರದ ಅಭ್ಯರ್ಥಿಯೊಬ್ಬರು ಬಂದರು. ನಮ್ಮ ಪೇಟೆಯ ಸುದ್ದಿಯೆಲ್ಲ ತಿಳಿದುಕೊಂಡೇ ಬಂದಿದ್ದರು. ಹುಲ್ಲುಪೇಟೆ ಮೈದಾನದಲ್ಲಿ ವೇದಿಕೆಗಷ್ಟೇ ಶಾಮಿಯಾನ ಹಾಕಿ, ಅವ್ವನನ್ನು ಅಲ್ಲಿ ಕೂರಿಸಿ, ಶಾಲು ಹೊದಿಸಿದರು. ಆಮೇಲೆ ಯಾರೋ, "ತಂಗಿ ಎಂ.ಎ. ಓದವ್ಳೆ, ಎರಡು ಮಾತಾಡ್ಲಿ," ಎಂದು ನನ್ನನ್ನು ಮೈಕಿನ ಮುಂದೆ ತಳ್ಳಿದರು. ಅಷ್ಟು ಜನರ ಮುಖ ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ನನ್ನೊಳಗೆ ವರ್ಷಗಳಿಂದ ಕೂತಿದ್ದದ್ದು ಆ ದಿನ ಹೊರಗೆ ಬಂತು. "ನೆರಳು ಬೇಡ ನಮಗೆ," ಅಂದೆ. ಮೈಕಿನಲ್ಲಿ ನನ್ನ ದನಿ ನನಗೇ ಹೆದರಿಕೆಯಾಗುವಷ್ಟು ದೊಡ್ಡದಾಗಿ ಕೇಳಿಸಿತು. "ಆಸ್ಪತ್ರೆ ಕಟ್ಟಿ. ಇಟ್ಟಿಗೆ ತಂದು, ಗಾರೆ ತಂದು, ಇಲ್ಲಿ ಕಟ್ಟಿ. ನಮ್ಮಕ್ಕ ಸತ್ತದ್ದು ಆಸ್ಪತ್ರೆ ಇಲ್ಲದ್ದಕ್ಕೆ."

ಅಭ್ಯರ್ಥಿ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಈ ತಂಗಿಯ ಮಾತೇ ನನ್ನ ಮಾತು! ಇದೇ ಜಾಗದಲ್ಲಿ ಮಾದೇವಿ ಸ್ಮಾರಕ ಹೆರಿಗೆ ಆಸ್ಪತ್ರೆ! ಏಳು ಅಂತಸ್ತು! ತಾರಸಿಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರು! ಇಟ್ಟಿಗೆ ತಂದು, ಗಾರೆ ತಂದು!"

"ಅಗ್ಲ ಎಷ್ಟು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಈ ಮೈದಾನದಷ್ಟು!"

ಚಪ್ಪಾಳೆ ಬಿದ್ದ ರಭಸಕ್ಕೆ ಶಾಮಿಯಾನದ ಮೇಲಿನ ಕಾಗೆಗಳು ಎದ್ದವು. ಸಾಕವ್ವ ಬಂದು ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. "ಮೂಗಿ ಅಂದ್ಕಂಡಿದ್ವಿ, ಎಂಥ ನೆಳ್ಳು ಕೇಳ್ದೆ ಮಗಳೇ!"

ಅವರು ಗೆದ್ದರು. ಎಣಿಕೆಯ ಸಂಜೆ ಹುಲ್ಲುಪೇಟೆ ಮೈದಾನದ ಮೇಲೆ ಏಳು ಅಂತಸ್ತು ಬಿದ್ದವು, ಅಗಲವಾಗಿ, ಗಟ್ಟಿಯಾಗಿ, ಸಾಲು ಸಾಲು ಕಿಟಕಿಗಳೊಂದಿಗೆ. ಮಾರುವವರು ಕುಣಿದುಕೊಂಡು ಬುಟ್ಟಿ ಹೊತ್ತು ಬಂದರು. ಕೆಂಪಜ್ಜಿಯನ್ನು ಯಾರೋ ಕೈಹಿಡಿದು ಕರೆತಂದು ಕಿಟಕಿಯೊಂದರ ಪಕ್ಕ ಕೂರಿಸಿದರು. ತಾರಸಿಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಹೆಸರು ನಿಲ್ಲಿಸುವುದೆಂದು ಮಾತಾಗಿತ್ತಲ್ಲ, ಅವುಗಳ ನೆರಳೂ ಬಿದ್ದಿತ್ತು, ಎಲ್ಲಕ್ಕಿಂತ ದೂರ, ಮೈದಾನ ದಾಟಿ ಗಾಡಿಗಳು ಓಡಾಡುವ ರಸ್ತೆಯ ಮೇಲೆ. ಅವ್ವ ಎಲೆಬುಟ್ಟಿ ಸೊಂಟಕ್ಕಿಟ್ಟುಕೊಂಡು ನನ್ನ ಹತ್ತಿರ ಬಂದಳು. ಅವಳಿಗೆ ಓದಲು ಬಾರದು.

"ನಿಮ್ಮಕ್ಕನ ಹೆಸ್ರು ಎಲ್ಲಿ ಬಿದ್ದದೆ ತೋರ್ಸು," ಅಂದಳು. "ಅಲ್ಲೇ ಕೂತ್ಕತೀನಿ."

ತೋರಿಸಿದೆ. ಅವ್ವ ರಸ್ತೆಯ ಮೇಲೆ ಕೂತು ಒಂದೊಂದು ಅಕ್ಷರವನ್ನೂ ಅಂಗೈಯಿಂದ ಸವರಿ, "ಇದ್ಯಾವ್ದು? ಇದ್ಯಾವ್ದು?" ಎಂದು ಕೇಳಿದಳು. ನಾನು ಹೇಳಿದೆ. ಎತ್ತಿನ ಗಾಡಿಯವನು ಬಯ್ದುಕೊಂಡು ಸುತ್ತಿ ಹೋದ. ಅವಳು ಏಳಲಿಲ್ಲ.

ಈಗ ಅವ್ವ ಸಾಲಿನಲ್ಲಿ ಕೂರುವುದಿಲ್ಲ. ಬೆಳಿಗ್ಗೆ ಹೆಸರು ಪಡುವಣದ ಚರಂಡಿಯಾಚೆ ಬಿದ್ದರೆ ಅಲ್ಲಿಗೆ ಹೋಗುತ್ತಾಳೆ, ಅದು ಸರಿದ ಹಾಗೆ ಬುಟ್ಟಿ ಎಳೆದುಕೊಂಡು ಸರಿಯುತ್ತಾಳೆ. ಅಕ್ಷರಗಳ ನಡುವೆ ಬಿಸಿಲು ನುಗ್ಗುವುದರಿಂದ ಅರ್ಧಕ್ಕರ್ಧ ಎಲೆ ಹಾಳಾಗುತ್ತದೆ. ನೆತ್ತಿಯ ಮೇಲೆ ಹೊತ್ತು ಬಂದಾಗ ಹೆಸರು ಕಟ್ಟಡದ ನೆರಳೊಳಗೆ ಮುದುಡಿಹೋಗುತ್ತದೆ, ಎಷ್ಟು ಹುಡುಕಿದರೂ ಕಾಣುವುದಿಲ್ಲ. ಆಗ ಅವ್ವ ಬುಟ್ಟಿ ಹೊತ್ತು ಮೈದಾನದ ನಡುವೆ ನಿಂತು, "ಚೆಲುವೀ, ಈಗೆಲ್ಲದೆ?" ಎಂದು ಕೂಗುತ್ತಾಳೆ. ನಾನು ಎಲ್ಲೋ ಒಂದು ಕಡೆ ಬೆರಳು ತೋರಿಸುತ್ತೇನೆ. ಅವ್ವ ಅಲ್ಲಿಗೆ ಹೋಗಿ ಕೂರುತ್ತಾಳೆ.